ಬೇಡ ಅಂದದ್ದು ಒಂದೇ ಸಲ

ಕುರ್ವೆಲು, ಮಿನಾಸ್
೮ ಡಿಸೆಂಬರ್ ೧೯೮೫, ಭಾನುವಾರ ಸಂಜೆ

ಮಗನೇ ಎವಾಲ್ಡೊ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಬೆನ್ನುನೋವು ಹೇಗಿದೆ? ಹೆಲಿಕಾಪ್ಟರ್ ಹತ್ತಿದರೆ ಈಗಲೂ ಹೊಟ್ಟೆ ತೊಳಸುತ್ತದೆಯೇ? ಎಣ್ಣೆಬಾವಿಯ ಆ ಕಬ್ಬಿಣದ ಅಟ್ಟದ ಮೇಲೆ ದಿನಾ ಮೀನೇ ಬಡಿಸುತ್ತಾರೆಂದು ಬರೆದಿದ್ದೆ. ಸುತ್ತ ಸಮುದ್ರ ಇಟ್ಟುಕೊಂಡವರು ಹಂದಿ ಸಾಕುತ್ತಾರೆಯೇ, ಸುಮ್ಮನೆ ತಿನ್ನು. ನನ್ನ ಮಂಡಿನೋವು ಹಾಗೇ ಇದೆ, ಮಾತ್ರೆಯೂ ಹಾಗೇ ಇದೆ. ರಕ್ತದೊತ್ತಡ ಇವತ್ತು ಮಾತ್ರ ಸ್ವಲ್ಪ ಏರಿರಬೇಕು. ಕಾರಣ ನಿನ್ನ ಅತ್ತೆ, ನಿನ್ನ ಹೆಂಡತಿಯನ್ನು ಹೆತ್ತವಳು.

ಜನವರಿ ಮೂರಕ್ಕೆ ನಿನ್ನ ಮಕ್ಕಳನ್ನು ಸಮುದ್ರ ತೋರಿಸಲು ಗ್ವಾರಪರಿಗೆ ಕರೆದೊಯ್ಯುವ ವಿಷಯ ನಿನಗೆ ಗೊತ್ತೇ ಇದೆ. ನಿನಗೆ ರಜೆ ಸಿಗುವುದಿಲ್ಲ ಎಂದಾದ ಮೇಲೆ ಯಜಮಾನಿಕೆ ನಿನ್ನ ಅತ್ತೆ ದೋನಾ ಒದೀಲಿಯಾ ಕೈಗೆ ಹೋಯಿತು. ಬಾಡಿಗೆ ಮನೆ ಹಿಡಿದದ್ದು ಅವಳು, ವ್ಯಾನು ಅವಳ ಗಂಡನದು, ಆದ್ದರಿಂದ ಸಮುದ್ರವೂ ಅವಳದೇ ಎಂಬಂತೆ ಮಾತು. ಇವತ್ತು ಚರ್ಚಿನ ಪೂಜೆ ಮುಗಿಸಿ ಎಲ್ಲರೂ ಅವರ ಮನೆಯಲ್ಲಿ ಸೇರಿದ್ದೆವು. ಅವಳು ಮೇಜಿನ ತುದಿಯಲ್ಲಿ ಕನ್ನಡಕ ಏರಿಸಿ ನೋಟುಬುಕ್ಕು ಬಿಚ್ಚಿ ಕೂತಳು. ಸೊಳ್ಳೆಪರದೆ ಯಾರದು, ಜ್ವರದ ಔಷಧಿ ಯಾರದು, ಪುಟ್ಟ ದಾರ್ಸಿಯುವಿನ ಈಜುವ ರಬ್ಬರ್ ಚಕ್ರಕ್ಕೆ ಗಾಳಿ ಊದುವವರು ಯಾರು, ಎಲ್ಲವೂ ದಾಖಲಾಯಿತು. ದಾರಿಯ ಬುತ್ತಿ, ಅಂದರೆ ಒಂಬತ್ತು ಜನಕ್ಕೆ ಕೋಳಿ ಹುರಿದು ಮರಗೆಣಸಿನ ಹಿಟ್ಟಿನಲ್ಲಿ ಕಲಸಿ ಕಟ್ಟಿಕೊಡುವುದು ನನ್ನ ಪಾಲಿಗೆ ಬಂತು. ಪಟ್ಟಿ ಅವಳದು, ರೊಟ್ಟಿ ನನ್ನದು. ನಿನ್ನಪ್ಪ ಇದ್ದಿದ್ದರೆ ಈ ಪ್ರಾಸಕ್ಕೆ ನಕ್ಕಿರುತ್ತಿದ್ದರು. ಅಲ್ಲಿ ಯಾರೂ ನಗಲಿಲ್ಲ.

ಬುತ್ತಿಯ ಬಗ್ಗೆ ನನಗೆ ಬೇಸರವಿಲ್ಲ. ನನಗೆ ತಾಗಿದ್ದು ನಿನ್ನ ಮಗಳು ಲೂಸಿಮಾರ್‌ಳ ಮಾತು. ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅವಳಿಗೆ ನಾನು ಮಾತು ಕೊಟ್ಟಿದ್ದೆ, ಸಮುದ್ರ ಮೊದಲ ಸಲ ನೋಡುವಾಗ ನಿನ್ನ ಕೈ ನನ್ನ ಕೈಯಲ್ಲಿರುತ್ತದೆ ಎಂದು. ನಾನೂ ನೋಡಿಲ್ಲವಲ್ಲ, ಇಬ್ಬರಿಗೂ ಒಂದೇ ಸಲ ಆಗಲಿ ಎಂದು. ಆರು ವರ್ಷದಿಂದ ಅವಳನ್ನು ಮಲಗಿಸುವಾಗ ನಾವಿಬ್ಬರೂ ಅದನ್ನೇ ಮಾತಾಡಿದ್ದೇವೆ. ರಾತ್ರಿ ಸಮುದ್ರಕ್ಕೆ ಬೀಗ ಹಾಕುತ್ತಾರಾ ಎಂದು ಅವಳು ಕೇಳಿದ್ದು ನನ್ನನ್ನು. ಇವತ್ತು ಅದೇ ಹುಡುಗಿ ಒದೀಲಿಯಾ ತೊಡೆಯ ಮೇಲೆ ಕೂತು, "ಅಜ್ಜೀ, ಈ ಅಜ್ಜಿ ಹೊಸ ವರ್ಷದ ಅದೃಷ್ಟಕ್ಕೆ ನನ್ನ ಕೈ ಹಿಡ್ಕೊಂಡು ಏಳು ಅಲೆ ಹಾರಿಸ್ತಾಳಂತೆ. ನಿಂಗೆ ಬಾಟ್ಲೀಲಿ ಸಮುದ್ರದ ನೀರು ತರ್ತೀವಂತೆ" ಎಂದಳು. ಊರಲ್ಲಿ ಹಾಸಿಗೆ ಹಿಡಿದ ಮುದುಕಿಯರಿಗೆ ತರುತ್ತಾರಲ್ಲ, ಹಾಗೆ. ಒದೀಲಿಯಾ ನಾಲ್ಕು ಸಲ ಸಮುದ್ರಕ್ಕೆ ಹೋಗಿ ಬಂದವಳು. ಐದನೆಯ ಸಲಕ್ಕೂ ನನ್ನ ಮೊಮ್ಮಗಳ ಕೈಯೇ ಬೇಕೇ ಅವಳಿಗೆ? ನನಗೆ ಹೊಟ್ಟೆಕಿಚ್ಚೇನಿಲ್ಲ. ಹೊಟ್ಟೆಯಲ್ಲಿ ಏನೋ ಉರಿಯುತ್ತಿದೆ, ಅಷ್ಟೆ. ಅವಳ ಮನೆಯ ಬೀನ್ಸಿನದಿರಬೇಕು.

ಇನ್ನು ಅದಕ್ಕೂ ಮುಂಚೆ ಆದದ್ದನ್ನು ಹೇಳುತ್ತೇನೆ, ನೀನೇ ನ್ಯಾಯ ಹೇಳು. ಎಲ್ಲ ಬರೆದಾದ ಮೇಲೆ ಅವಳು ತಲೆ ಎತ್ತಿ, "ದೋನಾ ಜೊರೈದಾ, ವ್ಯಾನಲ್ಲಿ ಒಂದು ಸೀಟು ಮಿಕ್ಕಿದೆ. ನೀವು ಬರ್ತೀರಾ?" ಎಂದಳು. ನಾನು ನಮ್ಮ ಊರಿನ ಯಾವ ಹೆಂಗಸಾದರೂ ಹೇಳುವುದನ್ನೇ ಹೇಳಿದೆ: "ಅಯ್ಯೋ, ನಂಗ್ಯಾಕೆ ಬಿಡಿ ಸಮುದ್ರ. ನನ್ನ ಕೋಳಿಗಳನ್ನ ಯಾರು ನೋಡ್ಕೋತಾರೆ." ಇಲ್ಲಿ ಕಾಫಿ ಕುಡಿಯಲು ಕರೆದರೂ ಮೊದಲು ಬೇಡ ಅನ್ನುತ್ತೇವೆ, ಎರಡನೆಯ ಸಲ ನಿಮಗ್ಯಾಕೆ ತೊಂದರೆ ಅನ್ನುತ್ತೇವೆ, ಮೂರನೆಯ ಸಲಕ್ಕೆ ಲೋಟ ಕೈಯಲ್ಲಿರುತ್ತದೆ. ಒದೀಲಿಯಾ ದೊಡ್ಡ ಪಟ್ಟಣ ಸಾವೊಪಾಲೊದವಳು. ಮೂವತ್ತು ವರ್ಷದಿಂದ ನಮ್ಮ ನಡುವೆ ಇದ್ದಾಳೆ, ನಮ್ಮ ಗಿಣ್ಣು ತಿಂದಿದ್ದಾಳೆ, ಇಷ್ಟು ಕಲಿತಿಲ್ಲ. "ಸರಿ ಹಾಗಾದ್ರೆ" ಎಂದು ಬರೆದುಕೊಂಡೇಬಿಟ್ಟಳು, ಅದೂ ಪೆನ್ನಿನಲ್ಲಿ. ಆ ಸೀಟಿಗೆ ಐಸ್ ಪೆಟ್ಟಿಗೆ ಎಂದು ಬಿತ್ತು. ನಿನ್ನ ಹೆಂಡತಿ ನೆಯ್ಡಿ ನಮ್ಮೂರಲ್ಲೇ ಹುಟ್ಟಿದವಳು, ಅವಳಿಗೆ ಅರ್ಥವಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ದಾರ್ಸಿಯು ಪೇರಲದ ಶರಬತ್ತನ್ನು ಮೇಜಿನ ಮೇಲೆ ಚೆಲ್ಲಿದ. ಅವಳು ಬಟ್ಟೆ ಹುಡುಕಲು ಎದ್ದಳು, ಮಾತು ಅಲ್ಲಿಗೆ ನಿಂತಿತು. ಶರಬತ್ತು ನೋಟುಬುಕ್ಕಿನ ಮೇಲಾದರೂ ಬಿದ್ದಿದ್ದರೆ ಒಂದು ಉಪಯೋಗವಾಗುತ್ತಿತ್ತು.

ಈ ವಯಸ್ಸಿನಲ್ಲಿ ನಾನು ಒಂದು ಐಸ್ ಪೆಟ್ಟಿಗೆಯನ್ನು ಕಂಡು ಕರುಬುತ್ತಿದ್ದೇನೆ ಮಗನೇ. ಅದು ಕಿಟಕಿಯ ಪಕ್ಕ ಕೂತು, ನನ್ನ ಕೋಳಿಯ ಪಕ್ಕದಲ್ಲೇ, ಹದಿಮೂರು ಗಂಟೆ ಹೋಗುತ್ತದೆ. ನಾನು ಬಾಗಿಲಲ್ಲಿ ನಿಂತು ಕೈ ಬೀಸುತ್ತೇನೆ.

ಇರಲಿ. ಮಕ್ಕಳು ಚೆನ್ನಾಗಿದ್ದಾರೆ. ದಾರ್ಸಿಯು ಮರಳು ತಿನ್ನದಂತೆ ನೋಡಿಕೊಳ್ಳಲು ಒದೀಲಿಯಾಗೆ ಹೇಳಿದ್ದೇನೆ, ಅದನ್ನೂ ಬರೆದುಕೊಂಡಿದ್ದಾಳೆ. ಪಕ್ಕದ ಮನೆಯ ಬೆನೀಸಿಯಾ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಗಾಳಿ ಜೋರಿದ್ದಾಗ ಅಟ್ಟದ ಅಂಚಿನ ಕಂಬಿಯ ಹತ್ತಿರ ನಿಲ್ಲಬೇಡ. ದೇವಮಾತೆ ನಿನ್ನನ್ನು ಸೆರಗಿನೊಳಗೆ ಇಟ್ಟು ಕಾಯಲಿ.

ನಿನ್ನ ಅಮ್ಮ,
ಜೊರೈದಾ

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇಷ್ಟು. ಕೋಳಿಗಳನ್ನು ನೋಡಿಕೊಳ್ಳಲು ಬೆನೀಸಿಯಾ ಒಪ್ಪಿ ತಿಂಗಳಾಯಿತು. ಮಂಡಿ ಮುಚ್ಚುವಂಥ ನೀಲಿ ಈಜುಡುಗೆ ಹೊಲಿದಿಟ್ಟಿದ್ದೇನೆ, ಯಾರಿಗೂ ತೋರಿಸಿಲ್ಲ. ದಡಕ್ಕೆ ಇಳಿದ ಕೂಡಲೇ ನೆಯ್ಡಿಗೆ ಫೋನ್ ಮಾಡು. ನಾನು ಹೇಳಿದೆ ಅನ್ನಬೇಡ, ನಿನಗೇ ತೋಚಿದ್ದು ಅನ್ನು. ಅವಳ ಅಮ್ಮ ಇಲ್ಲದಾಗ ಅವಳು ಬಂದು ನನ್ನನ್ನು ಇನ್ನೊಮ್ಮೆ ಕೇಳಲಿ. ಬಾಯಿಚಾಳಿಗೆ ನಾನು ಮತ್ತೆ ಬೇಡ ಅಂದರೂ ಅಂದೇನು. ಅದನ್ನು ಯಾರೂ ಬರೆದುಕೊಳ್ಳದಂತೆ ನೋಡಿಕೋ.