ಒಂದು ಕೈಯ ಗಾಳ

ಅಲ್ ಹಿಲಾಲ್, ದೋಹಾ
೧೯ ಮೇ ೨೦೦೭

ಪ್ರೀತಿಯ ಅಪ್ಪನಿಗೆ ಗ್ರೀಷ್ಮಾಳ ನಮಸ್ಕಾರ.

ಹೇಗಿದ್ದೀರಿ? ಬಲಗೈಯ ಬೆರಳು ಸ್ವಲ್ಪವಾದರೂ ಮಡಚಲು ಬರುತ್ತಿದೆಯೇ? ಎಣ್ಣೆ ತಿಕ್ಕುವವರು ಬಂದ ಕೂಡಲೇ ನಿದ್ದೆ ಬಂದವರ ಹಾಗೆ ಮಲಗಿಬಿಡುತ್ತೀರಂತೆ, ಅಮ್ಮ ಹೇಳಿದರು. ಫೋನ್ ಮಾಡಿದರೆ ಎರಡು ಮಾತಾಡುವುದರೊಳಗೆ ರಿಸೀವರ್ ಅಮ್ಮನಿಗೆ ಕೊಡುತ್ತೀರಿ. ಅದಕ್ಕೇ ಈ ಕಾಗದ, ಇದನ್ನು ನೀವೇ ಓದಿ ಮುಗಿಸಬೇಕು. ನಾವಿಬ್ಬರೂ ಚೆನ್ನಾಗಿದ್ದೇವೆ. ಸೆಕೆಯ ಮಾತು ಬೇಡ. ನಲ್ಲಿ ನೀರಲ್ಲೇ ಅನ್ನ ಬೇಯಿಸಬಹುದು ಎನ್ನುತ್ತಾರೆ ನಿಮ್ಮ ಅಳಿಯ ಶರಣ್.

ಪಾರ್ಶ್ವವಾಯು ಆದ ಮೇಲೆ ನಿಮ್ಮ ಗಾಳ, ದಾರ ಎಲ್ಲವನ್ನೂ ನಿಮ್ಮ ಜೊತೆ ಮೀನಿಗೆ ಇಳಿಯುತ್ತಿದ್ದ ದುಗ್ಗು ಮಾಮನಿಗೆ ಕೊಟ್ಟುಬಿಟ್ಟಿರಿ ಎಂದು ಕೇಳಿ ನನಗೆ ಅಳು ಬರಲಿಲ್ಲ ಅಪ್ಪ, ಸಿಟ್ಟು ಬಂತು. “ಒಂದು ಕೈಯವನಿಗೆ ನೀರಿನ ಹತ್ತಿರ ಏನು ಕೆಲಸ?” ಎಂದಿರಂತೆ. ಆ ಮಾತು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ ಕೂತಿತ್ತು. ನಮ್ಮ ಆಫೀಸಿನಲ್ಲಿ ಹೆನ್ರಿ ಎಂಬ ಸ್ಕಾಟ್ಲೆಂಡಿನ ಸಾಹೇಬರಿದ್ದಾರೆ. ಅಪಘಾತವಾಗಿ ಎಡಗೈ ಸ್ವಾಧೀನದಲ್ಲಿಲ್ಲ. ಆದರೂ ಪ್ರತಿ ಬೇಸಿಗೆ ರಜೆಗೆ ಊರಿಗೆ ಹೋಗಿ ಬೆಟ್ಟದ ತೊರೆಯಲ್ಲಿ ನಿಂತು ಟ್ರೌಟ್ ಎಂಬ ಮೀನು ಹಿಡಿಯುತ್ತಾರೆ. ಎರೆಹುಳು ಬೇಡ, ಸಿಗಡಿ ಬೇಡ. ಗಾಳಕ್ಕೆ ಹುಂಜದ ಕುತ್ತಿಗೆಯ ಗರಿ ಸುತ್ತಿ ನೀರಿನ ಮೇಲೆ ಬೀಸುತ್ತಾರೆ, ನೊಣವೆಂದುಕೊಂಡು ಮೀನು ಕಚ್ಚುತ್ತದೆ. ನನಗೂ ಕಲಿಸಿ, ಆದರೆ ಒಂದೇ ಕೈಯಲ್ಲಿ ಎಂದು ಕೇಳಿದೆ. ಯಾಕೆಂದು ಹೇಳಿದ ಮೇಲೆ ಅವರು ನಗದೆ ಒಪ್ಪಿಕೊಂಡರು.

ನಿನ್ನೆ ಶುಕ್ರವಾರ ಬೆಳಕು ಹರಿಯುವಾಗ ಅಲ್ ಖೋರ್ ಆಚೆಯ ಉಪ್ಪುನೀರಿನ ಕಾಂಡ್ಲಾ ಕಾಡಿಗೆ ಮೂವರೂ ಹೋದೆವು. ಗಿಡಗಳ ನಡುವೆ ಉಬ್ಬರದ ನೀರು ತೊರೆಯ ಹಾಗೆ ಒಳಗೆ ಬರುತ್ತದೆ, ನಮ್ಮ ಹೊಳೆಬದಿಯೇ ಅನ್ನಿಸಿತು. ನಿಮ್ಮ ಹಾಗೇ ಆಗಲಿ ಎಂದು ಬಲಗೈಯನ್ನು ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿಸಿಕೊಂಡೆ. ಮೊಗವೀರರ ಮಗಳಿಗೆ ಮೀನಿನ ಹುಚ್ಚು ಸಾಲದೆ ಬೇರೆ ಹುಚ್ಚೂ ಹಿಡಿಯಿತು ಎಂದು ಶರಣ್ ಗಂಟು ಹಾಕುತ್ತಲೇ ಗೊಣಗಿದರು. ಈ ಕೋಲಿಗೆ ಸುತ್ತುವ ಚಕ್ರವಿಲ್ಲ, ದಾರವನ್ನು ತುದಿಗೇ ಕಟ್ಟಿರುತ್ತಾರೆ. ಹಿಂದಕ್ಕೆ ಎತ್ತಿ, ಒಂದು ಗಳಿಗೆ ತಡೆದು, ಮುಂದಕ್ಕೆ ಬಿಡಬೇಕು. ನಾನೋ, ನೀವು ಕಲಿಸಿದ ಹಾಗೆ ರಪ್ಪನೆ ಎಳೆಯುವವಳು. ಗರಿ ಗಿಡಕ್ಕೆ ಸಿಕ್ಕಿತು, ಸಾಹೇಬರ ಟೋಪಿಗೆ ಸಿಕ್ಕಿತು, ಮೀನಿಗೆ ಮಾತ್ರ ಸಿಗಲಿಲ್ಲ. ಬಿಸಿಲು ಏರಿತು. ಶರಣ್ ಇಲ್ಲಿಯ ಅರಬ್ಬರ ಹಾಗೆ ಖಲಾಸ್, ಯಲ್ಲಾ, ಸಾಕು ಹೊರಡು ಎಂದು ಕಾರಿನ ಕಡೆ ನಡೆದರು. ನಾನು ಕದಲಲಿಲ್ಲ. ಎಡ ಭುಜ ಸಿಡಿಯುತ್ತಿತ್ತು. ಅಂಗಿಯ ಗುಂಡಿ ಹಾಕಲೂ ನಿಮಗೆ ದಿನಾ ಹೀಗೇ ಆಗುತ್ತದಲ್ಲ ಎಂದು ಹೊಳೆದಾಗ ನೀರಲ್ಲಿ ನಿಂತೇ ಅತ್ತುಬಿಟ್ಟೆ ಅಪ್ಪ. ಕಣ್ಣೊರೆಸಲು ಕೈಯೂ ಬಿಡುವಿರಲಿಲ್ಲ.

ಆಮೇಲೆ ಹಿಡಿಯಿತು ನೋಡಿ! ಬಂಗುಡೆಯಷ್ಟುದ್ದ, ಬೆಳ್ಳಗೆ, ಹೆಸರು ನಿಮಗೇ ಗೊತ್ತಿದ್ದೀತು. ಕೋಲನ್ನು ಎತ್ತಿ ಮೀನನ್ನು ದಡಕ್ಕೆ ತೂಗಿ ಹಾಕಿ, ಕೋಲನ್ನು ಕಂಕುಳಲ್ಲಿ ಒತ್ತಿಕೊಂಡು, ಅದೇ ಎಡಗೈಯಲ್ಲಿ ಗಾಳ ಬಿಡಿಸಿದೆ. ಯಾರೂ ಮುಟ್ಟಲಿಲ್ಲ. ಹಿಡಿದ ಮೀನನ್ನು ಬಿಟ್ಟುಬಿಡುವುದು ಸಾಹೇಬರ ಪದ್ಧತಿಯಂತೆ, ನೀರಿಗೇ ಬಿಟ್ಟೆ. ನನಗಂತೂ ಹೊಟ್ಟೆ ಉರಿಯಿತು, ಪುಳಿಮುಂಚಿ ಸಾರಿಗೆ ಸರಿಯಾಗಿತ್ತು. ಆದರೆ ಒಂದು ಕೈಯಲ್ಲಿ ಆಗುತ್ತದೆ. ಹೆಣ್ಣುಮಗಳು, ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವಳು, ನನಗೇ ಆಯಿತು. ನಲವತ್ತು ವರ್ಷ ಕಡಲಲ್ಲಿದ್ದ ನಿಮಗೆ ಆಗದು ಎಂದರೆ ನಾನು ಒಪ್ಪುವುದಿಲ್ಲ.

ಅಮ್ಮನಿಗೆ ನಮಸ್ಕಾರ ಹೇಳಿ. ಬೊಬ್ಬರ್ಯ ದೈವ ನಿಮ್ಮ ಬೆನ್ನಿಗಿರಲಿ.

ನಿಮ್ಮ ಹಟಮಾರಿ ಮಗಳು,
ಗ್ರೀಷ್ಮಾ

ಮರೆತೆ: ಈ ಕಾಗದ ತಂದ ಥಿಯೋಡೋರ್ ನನ್ನ ಜೊತೆ ಕೆಲಸ ಮಾಡುವವರು, ಊಟ ಹಾಕದೆ ಕಳಿಸಬೇಡಿ. ಸಾಹೇಬರು ತಮ್ಮ ಕೋಲನ್ನೇ ನಿಮಗೆ ಕೊಟ್ಟಿದ್ದಾರೆ. ಮನೆಗೆ ಬಂದರೆ ಅದನ್ನು ಅಟ್ಟಕ್ಕೆ ಹಾಕುತ್ತೀರಿ ಎಂದು ಹೊಳೆಬದಿಯಲ್ಲಿ ದುಗ್ಗು ಮಾಮನ ಕೈಗೆ ಕೊಡಲು ಹೇಳಿದ್ದೇನೆ. ಈ ಕಾಗದ ನಿಮ್ಮ ಕೈ ಸೇರಿದ ದಿನವೇ ಸಂಜೆ ಮಾಮ ರಿಕ್ಷಾ ತರುತ್ತಾರೆ. ನೀವು ಬಂದು ದಡದಲ್ಲಿ ನಿಲ್ಲುವವರೆಗೆ ತಾವೂ ಮೀನಿಗೆ ಇಳಿಯುವುದಿಲ್ಲ ಎಂದು ನನಗೆ ಫೋನಿನಲ್ಲಿ ಮಾತು ಕೊಟ್ಟಿದ್ದಾರೆ. ಅವರ ಮನೆಯವರು ಉಪವಾಸ ಬೀಳಬೇಕೋ ಬೇಡವೋ, ನೀವೇ ಯೋಚಿಸಿ. ರಿಕ್ಷಾ ಹೊರಗೆ ನಿಂತಿರಬಹುದು, ಎದ್ದು ಚಪ್ಪಲಿ ಹಾಕಿಕೊಳ್ಳಿ.