ಡೊಳ್ಳಿಗೆ ಬಾರದ ಮೊಣಕೈ

೧೮ ನವೆಂಬರ್, ಸೋಮವಾರ

ಪ್ಲಾಸ್ಟರ್ ಬಿಚ್ಚಿದ ಮೇಲೂ ಬಲಗೈ ಮಡಚಲು ಬರುತ್ತದೆ, ಚಾಚಲು ಬರುವುದಿಲ್ಲ. ಅನ್ನಕ್ಕೆ ಬಾಗುವ ಕೈ, ಡೊಳ್ಳಿಗೆ ಬೀಗುವ ಕೈ. ನಮ್ಮ ಡೊಳ್ಳಿನ ತಂಡ ನಡೆಸುವ ನಾಗೇಶ ನಿನ್ನೆ ಹೇಳಿಯೇಬಿಟ್ಟ: "ಬರೋ ಭಾನುವಾರದ ಕುಣಿತದೊಳಗೆ ಪೆಟ್ಟು ಬರ್ಲಿಲ್ಲ ಅಂದ್ರೆ ತಾಳ ಹಿಡ್ಕೊಂಡು ನಿಂತ್ಕೋ, ಮಾವ." ಇಷ್ಟು ವರ್ಷ ಡೊಳ್ಳು ಹೊತ್ತವನಿಗೆ ತಾಳ!

ಇವತ್ತು ಶಿಕಾರಿಪುರದ ಫಿಸಿಯೋ ಮೇಡಂ ತೋಳು ಒತ್ತಿ ನೋಡಿ ನಕ್ಕರು. "ಸ್ನಾಯುಗೆ ಎಳೆಯೋದಷ್ಟೇ ಗೊತ್ತು ರೀ, ತಳ್ಳೋದು ಗೊತ್ತಿಲ್ಲ. ಮುಂದಿಂದು ಎಳೆದ್ರೆ ಕೈ ಮಡಚುತ್ತೆ, ಹಿಂದಿಂದು ಎಳೆದ್ರೆ ಚಾಚುತ್ತೆ. ಒಂದು ಎಳೆಯುವಾಗ ಇನ್ನೊಂದು ಬಿಡಬೇಕು. ನೀವು ನೋವಿಗೆ ಹೆದರಿ ಎರಡನ್ನೂ ಬಿಗಿ ಹಿಡಿದೀರಿ."

ಬಿಡುವುದನ್ನು ನಾನು ಓದಿದ ಬಿ.ಎ.ಯಲ್ಲಿ ಕಲಿಸಿರಲಿಲ್ಲ.

ಸಂಜೆ ದೊಡ್ಡಿಯ ಪಕ್ಕ ಡೊಳ್ಳು ಕಟ್ಟಿಕೊಂಡು ನಿಂತೆ. "ಬಿಡು" ಎಂದುಕೊಂಡಷ್ಟೂ ತೋಳು ಬಿಗಿಯಿತು. ಕುರಿ ಕೂಡಿಹಾಕುತ್ತಿದ್ದ ಅವ್ವ ನಿಂತು ನೋಡಿದಳು.

"ಏನೋ, ಡೊಳ್ಳು ಬಡೀತೀಯೋ, ಅದರ ಮೇಲಿನ ನೊಣ ಓಡಿಸ್ತೀಯೋ?"

ನಗು ಉಕ್ಕಿತು. ನಗುವ ಭರದಲ್ಲಿ ಮುಂದಿನ ಸ್ನಾಯು ಹೆದರುವುದನ್ನು ಮರೆತು ಬಿಟ್ಟುಕೊಟ್ಟಿತು, ಹಿಂದಿನದು ಎಳೆಯಿತು. ಧಂ! ನನ್ನೆದೆಯಲ್ಲೂ ಧಂ. ಬೆಚ್ಚಿದ ಕುರಿಗಳು ದೊಡ್ಡಿ ಬಿಟ್ಟು ಪಕ್ಕದ ಹೊಲಕ್ಕೆ ನುಗ್ಗಿದವು.

"ಕೈ ಕೂಡ್ತು, ಕುರಿ ಓಡ್ತು!" ಎಂದು ಅವ್ವ ಕೂಗಿದಳು. ಈ ಪ್ರಾಸದ ಹುಚ್ಚು ನನಗೆ ಯಾರಿಂದ ಬಂತೆಂಬ ಅನುಮಾನ ತೀರಿತು.

ಓಡಿಹೋಗಿ ಅಡ್ಡಗಟ್ಟಿ ಅವನ್ನು ತಿರುಗಿಸಿದ ಮೇಲೆ ನೋಡಿಕೊಂಡೆ: ಎರಡೂ ಕೈ ನೆಟ್ಟಗೆ ಚಾಚಿದ್ದೆ. ನಾಗೇಶನಿಗೆ ಫೋನು ಮಾಡಿ, ತಾಳ ನೀನೇ ಇಟ್ಟುಕೋ ಎಂದೆ.

ಈಗ ನಿದ್ದೆಗೆ ಎರಡು ಸ್ನಾಯುಗಳೂ ಒಟ್ಟಿಗೇ ಬಿಟ್ಟುಕೊಟ್ಟಿವೆ, ಪೆನ್ನು ಕೂಡ ಜಾರ…