ಅರ್ಥವಾಗದವಳಂತೆ

ಜೂನ್ 11, ಮಂಗಳವಾರ
ಮತ್ತೆ ಸ್ಲೈಡುಗಳು. ಬೇಗಂಪೇಟೆ ಆಫೀಸು. ಊಟ ತಪ್ಪಿತು. ಮಕ್ಕಳ ಸ್ನಾಯು ಕುಗ್ಗುವ ಕಾಯಿಲೆಗೆ ನಾವು ಮಾಡಿದ ಔಷಧ ನಿಲ್ಲುತ್ತದೆ. ಕೆಲಸ ಮಾಡುವುದಿಲ್ಲ ಅಂತಲ್ಲ. ಕೆಲವು ಮಕ್ಕಳಿಗೆ ಚೆನ್ನಾಗಿಯೇ ಹಿಡಿದಿದೆ. ಮಾರ್ಕೆಟ್ ಇಲ್ಲ, ಅಷ್ಟೇ. ಇನೋವೇಶನ್ ಹೆಡ್ ನಾನು. ನಿಲ್ಲಿಸೋಣ ಎಂಬ ಮಾತು ನನ್ನ ಬಾಯಿಂದಲೇ ಬರಬೇಕು. ಬಂದರೆ ಬಡ್ತಿ, ಕಂಪನಿಯ ಇಡೀ ಏಷ್ಯಾ ವಿಭಾಗ ನನ್ನ ಕೈಗೆ. ಯಾರೂ ಹಾಗೆ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ.

ಜೂನ್ 13, ಗುರುವಾರ
ಔಷಧದ ಟ್ರಯಲ್ ನಡೆಯುವ ಆಸ್ಪತ್ರೆಗೆ ಹೋಗಿದ್ದೆ. ಅಲ್ಲಿನ ಕೋಆರ್ಡಿನೇಟರ್ ಅಕ್ಷಯ ಒಬ್ಬ ಹುಡುಗಿಯನ್ನು ತೋರಿಸಿದ. ವಿಜಯಶ್ರೀ. ಮೊದಲೆಲ್ಲ ತಾಯಿಯ ಸೊಂಟದ ಮೇಲೆ ಬರುತ್ತಿದ್ದಳಂತೆ. ಇವತ್ತು ಕಂಬಿ ಹಿಡಿದು ತಾನೇ ಮೆಟ್ಟಿಲು ಹತ್ತಿ ಬಂದಳು.

ತಾಯಿ ಗುಂಡಮ್ಮ. ಯಾದಗಿರಿ ಕಡೆಯವಳು, ಸನತ್‌ನಗರದಲ್ಲಿ ಕಟ್ಟಡದ ಕೆಲಸ. ಅಕ್ಷಯನ ಜೊತೆ ಹರಕುಮುರುಕು ತೆಲುಗು. ಅದು ಸಾಲದೆ ನನ್ನತ್ತ ತಿರುಗಿ ಕನ್ನಡದಲ್ಲೇ ಕೇಳಿದಳು: “ಅಮ್ಮಾರ, ಈ ಔಷಧ ನಡುವ ನಿಲ್ಲಂಗಿಲ್ಲ ಹೌದಲ್ರಿ?”

ಮನೆಯಲ್ಲಿ ಅವ್ವನ ಜೊತೆ ನಾನಾಡುವ ಮಾತು ಅದೇ. ಅಕ್ಷಯನ ಮುಖ ನೋಡಿ, ಏನಂತಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನಿಗೂ ತಿಳಿದಿರಲಿಲ್ಲ. ಗುಂಡಮ್ಮ ಮಗಳಿಗೆ ಹೇಳಿದಳು: “ಪಾಪ, ಆಕಿಗೆ ನಮ್ಮ ಮಾತು ಬರಂಗಿಲ್ಲ ಬಿಡು.”

ಪಾಪ ಅಂದಳು. ನನಗೆ...

ಸಂಜೆ ಅವ್ವ ಚಹಾಕ್ಕೆ ಕರೆದಳು. ಕಮಿಂಗ್ ಎಂದು ಇಂಗ್ಲಿಷಿನಲ್ಲೇ ಓಗೊಟ್ಟೆ.

ಜೂನ್ 18, ಮಂಗಳವಾರ
ಬೋರ್ಡ್ ಮೀಟಿಂಗ್. ನಿಲ್ಲಿಸೋಣ ಎಂದೆ. ಗುಣ ಕಂಡ ಮಕ್ಕಳಿಗಾದರೂ ಔಷಧ ಮುಂದುವರಿಸಬೇಕು ಅಂತ ಒಂದು ಸಾಲು ಸೇರಿಸಬಹುದಿತ್ತು. ಹೆಂಗಸು, ಭಾವುಕಳು ಅಂದಾರು ಅಂತ ಹೆದರಿದೆ. ಸೇರಿಸಲಿಲ್ಲ. ಏಷ್ಯಾ ನನಗೇ. ಕೇಕ್ ತರಿಸಿದ್ದರು. ತಿಂದೆ.

ಜುಲೈ 9, ಮಂಗಳವಾರ
ಅಕ್ಷಯನ ಫೋನ್. ಪಾಲಕರಿಗೆ ಸುದ್ದಿ ಮುಟ್ಟಿಸಿದನಂತೆ. ಗುಂಡಮ್ಮ ಅಳಲಿಲ್ಲವಂತೆ. ಅಲ್ಲೇ ಬೆಂಚಿನ ಮೇಲೆ ಕೂತು, ಬೀದರಿನ ನರ್ಸ್ ಒಬ್ಬಳ ಕೈಯಲ್ಲಿ ಹೇಳಿಸಿದಳಂತೆ — ಆ ದೊಡ್ಡ ಮೇಡಂಗೆ ನನ್ನ ಮಾತು ತಿಳಿಯಲಿಲ್ಲ, ತಿಳಿದಿದ್ದರೆ ಏನಾದರೂ ಮಾಡುತ್ತಿದ್ದಳು, ಯಾರಾದರೂ ಆಕೆಗೆ ತಿಳಿಸಿ ಹೇಳಿ.

ಆಫೀಸಿನ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಹುಣಸೆಹಣ್ಣು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ನಿಮ್ಮಪ್ಪಾನೂ ದಫ್ತರದಾಗ ಎಷ್ಟೋ ಮಂದಿಗೆ ಆಗಂಗಿಲ್ಲ ಅಂದಾರ. ಆದ್ರ ಆ ಮಂದಿ ಮಾತಿನಾಗ ಅಂದಾರ.”

ಜುಲೈ 12, ಶುಕ್ರವಾರ
ಎಂಡಿ ರೂಮಿಗೆ ಹೋದೆ. ಗುಣ ಕಂಡ ಮಕ್ಕಳಿಗೆ ಉಳಿದ ಸ್ಟಾಕ್ ಕೊಡಬೇಕು, ಇನ್ನೊಂದು ಬ್ಯಾಚ್ ಮಾಡಬೇಕು ಎಂದೆ. ನಿಲ್ಲಿಸಿ ಎಂದವಳು ನೀನೇ ಅಲ್ಲವೇ ಎಂದು ನಕ್ಕರು. ನಾನು ಹೇಳಿದ್ದು ತಪ್ಪು, ಬೋರ್ಡಿನ ಮುಂದೆ ಹಾಗೇ ಹೇಳುತ್ತೇನೆ ಎಂದೆ. ನಗು ನಿಂತಿತು. ಹಾಗಾದರೆ ಏಷ್ಯಾದ ಬಗ್ಗೆಯೂ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ ಎಂದರು. ಯೋಚಿಸಿ ಎಂದೆ. ಬಾಗಿಲು ತೆರೆದು ಹೊರಗೆ ಬಂದೆ.

ಜುಲೈ 30, ಮಂಗಳವಾರ
ಬೋರ್ಡಿನ ಮುಂದೆ ತಪ್ಪೊಪ್ಪಿಕೊಂಡೆ. ಗುಣ ಕಂಡ ಮಕ್ಕಳಿಗೆ ಒಂದು ವರ್ಷದ ಔಷಧಕ್ಕೆ ಒಪ್ಪಿದ್ದಾರೆ. ಮುಂದಿನದು ಯಾರೂ ಹೇಳುವುದಿಲ್ಲ. ಏಷ್ಯಾ ಸಿಂಗಾಪುರದ ಒಬ್ಬನಿಗೆ ಹೋಯಿತು. ಮನಸ್ಸು ಹಗುರವಾಗಬೇಕಿತ್ತು. ಒಂದೇ ಸಾಲಿನ ಕೆಲಸ, ಅವತ್ತೇ ಮಾಡಿದ್ದರೆ... ಇಲ್ಲ, ಹಗುರವಾಗಿಲ್ಲ.

ಆಗಸ್ಟ್ 1, ಗುರುವಾರ
ಗುಂಡಮ್ಮನಿಗೆ ತಾನೇ ತಿಳಿಸುತ್ತೇನೆ ಎಂದ ಅಕ್ಷಯ. ಬೇಡ ಎಂದೆ. ನಾನೇ ಆಸ್ಪತ್ರೆಗೆ ಹೋದೆ.

ಗುಂಡಮ್ಮ ನನ್ನನ್ನು ಕಂಡು ಎದ್ದು ನಿಂತಳು. ನರ್ಸ್ ಎಲ್ಲಿ ಎಂದು ಸುತ್ತ ನೋಡಿದಳು, ಮಾತು ತಿಳಿಸಿ ಹೇಳಲು.

“ಗುಂಡಮ್ಮಾರ, ಕೂಡ್ರಿ. ಔಷಧ ಒಂದು ವರ್ಷ ಸಿಗತೈತ್ರಿ. ಆಮ್ಯಾಲಿಂದು ನನಗೂ ಗೊತ್ತಿಲ್ಲ.”

ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಅವತ್ತೂ ನಿಮಗ ತಿಳೀತಿತ್ತೇನ್ರಿ?”

ತಿಳಿಯುತ್ತಿತ್ತು ಎಂದೆ.

ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

“ಮತ್ತ ಯಾಕ್ರಿ...” ಎಂದಳು. ಅಷ್ಟೇ.

ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಇದ್ದ ಹಾಗೇ ಬರೆಯಬೇಕು. ನಾನು ಹೇಳಿದ್ದು — “ತಿಳೀತೈತಿ ಅಂದ್ರ, ಔಷಧ ನಿಲ್ಲತೈತಿ ಅಂತ ನಾನೇ ನಿಮಗ ಹೇಳಬೇಕಾಗತಿತ್ತು, ಅದಕ್ಕ ಹೆದರಿದ್ನಿರಿ.”